ಏನೂ ಆಗಿಯೇ ಇಲ್ಲವೆಂಬಂತೆ

ಪಾದ್ರಿಮನೆಯ ಚಾವಣಿ ಸೋರುತ್ತಿದೆ. ದುರಸ್ತಿಗೆ ಹಣವಿಲ್ಲದ್ದರಿಂದ ಊರಿನವರಿಗೆ ಲಾಟರಿ ಚೀಟಿ ಮಾರುವುದೆಂದು ತೀರ್ಮಾನವಾಗಿದ್ದು, ಬಹುಮಾನಕ್ಕೆಂದು ಹೊಸ ಕಾರೊಂದು ಬಂದಿದೆ. ಆ ಕಾರಿನ ಮೈಮೇಲೆ ಚಿಕ್ಕದೊಂದು ನೆಗ್ಗು ಬಿದ್ದಿರುವುದನ್ನು ಕಂಡ ಫಾದರ್ ಟೆಡ್ ಕ್ರಿಲಿ, ಯಾರ ಕಣ್ಣಿಗೂ ಬೀಳುವ ಮುನ್ನ ಸರಿಮಾಡಿಬಿಡೋಣವೆಂದು ಸುತ್ತಿಗೆ ತರುತ್ತಾನೆ. ಮೆಲ್ಲಗೆ ಒಂದು ಏಟು ತಟ್ಟುತ್ತಾನೆ. ಹಿಂದೆ ಸರಿದು ನೋಡುತ್ತಾನೆ. ಇನ್ನೊಂದು ಏಟು ಹಾಕಿದರೆ ಪೂರ್ತಿ ಸರಿಹೋದೀತು ಎಂಬ ಮುಖಭಾವ. ಮುಂದಿನ ದೃಶ್ಯಕ್ಕೆ ಬರುವಷ್ಟರಲ್ಲಿ ಇಡೀ ಕಾರು ಲಾರಿಯಡಿ ಸಿಕ್ಕಿದ ಡಬ್ಬಿಯಾಗಿದೆ. ಟೆಡ್ ಮಾತ್ರ ಇನ್ನೂ ಸುತ್ತಿಗೆ ಹಿಡಿದುಕೊಂಡು, ಎಲ್ಲಿ ಒಂದು ಏಟು ಹೆಚ್ಚಾಯಿತೆಂದು ಯೋಚಿಸುವವನಂತೆ ನಿಂತಿದ್ದಾನೆ.

ಐರ್ಲೆಂಡಿನ ಹಳ್ಳಿಗಾಡನ್ನು ಕುರಿತು ಬಂದಿರುವ ಟೆಲಿವಿಷನ್ ಹಾಸ್ಯಗಳಲ್ಲಿ ‘ಫಾದರ್ ಟೆಡ್’ ಧಾರಾವಾಹಿಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುವುದಕ್ಕೆ ಕಾರಣವನ್ನು ಯಾರಾದರೂ ಕೇಳಿದರೆ ಈ ಒಂದು ನಿಮಿಷದ ದೃಶ್ಯವನ್ನು ತೋರಿಸಿ ಸುಮ್ಮನಾಗುತ್ತೇನೆ. ಆ ಸುತ್ತಿಗೆ ಇಡೀ ಧಾರಾವಾಹಿಯ ಯಂತ್ರ. ಎಲ್ಲರಿಗೂ ಎಲ್ಲರ ಗುಟ್ಟೂ ಗೊತ್ತಿರುವ ಒಂದು ಪುಟ್ಟ ಊರು, ಆ ಊರಿನಲ್ಲಿ ಮರ್ಯಾದೆ ಉಳಿಸಿಕೊಳ್ಳಬೇಕೆಂದು ಹೆಣಗುವ ಒಬ್ಬ ಮನುಷ್ಯ, ಅವನು ಮುಚ್ಚಲು ಹೋದ ಪ್ರತಿಯೊಂದು ಸಣ್ಣ ತಪ್ಪೂ ಮುಚ್ಚುವ ಪ್ರಯತ್ನದಿಂದಲೇ ಬೆಟ್ಟದಷ್ಟಾಗುವುದು: ಇಷ್ಟೇ ಕಥೆ. ಇದನ್ನು ಪಾದ್ರಿಗಳನ್ನು ಗೇಲಿ ಮಾಡುವ ಕಾರ್ಯಕ್ರಮವೆಂದು ಹೆಚ್ಚಿನವರು ತಿಳಿಯುತ್ತಾರೆ. ನನಗೆ ಅದು ಮುಚ್ಚಿಡುವ ಕಲೆಯ ಬಗೆಗಿನ ಕಾರ್ಯಕ್ರಮವಾಗಿಯೇ ಕಂಡಿದೆ. ಪಾದ್ರಿಯ ನಿಲುವಂಗಿ ಆ ಕಲೆಗೆ ಹೇಳಿಮಾಡಿಸಿದ ಉಡುಪು.

ನೋಡದವರಿಗಾಗಿ ಒಂದಿಷ್ಟು ವಿವರ ಕೊಡುತ್ತೇನೆ. ಬ್ರಿಟನ್ನಿನ ಚಾನೆಲ್ 4 ವಾಹಿನಿಯಲ್ಲಿ 1995ರ ಏಪ್ರಿಲ್ 21ರಂದು ಆರಂಭವಾದ ಈ ಧಾರಾವಾಹಿ 1998ರ ಮೇ 1ರಂದು ಮುಗಿಯಿತು. ಮೂರು ಸರಣಿ, ಒಂದು ಕ್ರಿಸ್ಮಸ್ ವಿಶೇಷ, ಒಟ್ಟು 25 ಕಂತುಗಳು. ಬರೆದವರು ಗ್ರಹಾಂ ಲಿನೆಹನ್ ಮತ್ತು ಆರ್ಥರ್ ಮ್ಯಾಥ್ಯೂಸ್. ಇಬ್ಬರೂ ಡಬ್ಲಿನ್ನಿನ ‘ಹಾಟ್ ಪ್ರೆಸ್’ ಎಂಬ ಸಂಗೀತ ಪತ್ರಿಕೆಯಲ್ಲಿ ದುಡಿದವರು. ಕಥೆ ನಡೆಯುವುದು ಐರ್ಲೆಂಡಿನ ಪಶ್ಚಿಮ ಕರಾವಳಿಯಾಚೆ, ಯಾವ ನಕಾಶೆಯಲ್ಲೂ ಇಲ್ಲದ ಕ್ರ್ಯಾಗಿ ಐಲ್ಯಾಂಡ್ ಎಂಬ ಕಲ್ಪಿತ ದ್ವೀಪದಲ್ಲಿ. ಈ ದ್ವೀಪಕ್ಕೆ ಪಶ್ಚಿಮ ಭಾಗವೆಂಬುದೇ ಇಲ್ಲ, ಅದು ಬಿರುಗಾಳಿಗೆ ಮುರಿದು ತೇಲಿಹೋಯಿತು ಎಂಬ ಸಂಗತಿಯನ್ನು ಮಳೆ ಬಂತು ಎಂಬಷ್ಟು ಸಹಜವಾಗಿ ಅಲ್ಲಿಯವರು ಹೇಳುತ್ತಾರೆ. ಹೊರಾಂಗಣದ ಬಹುಪಾಲು ಚಿತ್ರೀಕರಣವಾದದ್ದು ಕ್ಲೇರ್ ಕೌಂಟಿಯಲ್ಲಿ; ಬೋಳು ಸುಣ್ಣಕಲ್ಲಿನ ಬಯಲಿನ ನಡುವೆ ಒಂಟಿಯಾಗಿ ನಿಂತ ಆ ಪಾದ್ರಿಮನೆ ಇವತ್ತಿಗೂ ಅಲ್ಲಿದೆ. ಒಳಾಂಗಣದ ದೃಶ್ಯಗಳು ಲಂಡನ್ನಿನ ಸ್ಟುಡಿಯೋದಲ್ಲಿ, ಪ್ರೇಕ್ಷಕರನ್ನು ಕೂರಿಸಿಕೊಂಡು ತಯಾರಾದವು. ಶೀರ್ಷಿಕೆಯ ಹಿಂದೆ ಮೇಲಿನಿಂದ ಕಾಣುವ ತುಕ್ಕುಹಿಡಿದ ಹಡಗು, ಅದೇ ಪಶ್ಚಿಮ ಕರಾವಳಿಯ ಅರಾನ್ ದ್ವೀಪಗಳಲ್ಲೊಂದಾದ ಇನಿಶೀರ್‌ನ ದಡದಲ್ಲಿರುವ ‘ಪ್ಲಾಸಿ’. 1960ರ ಮಾರ್ಚ್ ತಿಂಗಳ ಬಿರುಗಾಳಿಯಲ್ಲಿ ಅದು ಬಂಡೆಗೆ ಬಡಿದಾಗ ಅದರಲ್ಲಿದ್ದ 11 ಮಂದಿಯನ್ನೂ ದ್ವೀಪದ ಜನ ಹಗ್ಗ ಕಟ್ಟಿ ದಡಕ್ಕೆಳೆದು ಉಳಿಸಿದರು.

ಈ ದ್ವೀಪಕ್ಕೆ ಪಾದ್ರಿಗಳು ತಾವಾಗಿ ಬಂದವರಲ್ಲ. ಬಿಷಪ್ ಲೆನ್ ಬ್ರೆನನ್ ಈ ಮೂವರನ್ನೂ ಕಣ್ಣಿಗೆ ಬೀಳದಂತೆ ಇಲ್ಲಿಗೆ ಎಸೆದಿದ್ದಾನೆ. ಫ್ರಾನ್ಸಿನ ಪುಣ್ಯಕ್ಷೇತ್ರ ಲೂರ್ಡ್ಸ್‌ನ ಯಾತ್ರೆಗೆಂದು ಒಂದು ಮಗುವಿಗಾಗಿ ಕೂಡಿಸಿದ ಹಣ ಟೆಡ್‌ನ ಖಾತೆಯಲ್ಲಿ ‘ವಿಶ್ರಾಂತಿ ಪಡೆಯುತ್ತಿದ್ದಾಗ’ ಅವನು ಲಾಸ್ ವೇಗಸ್‌ಗೆ ಹೋಗಿಬಂದಿದ್ದ. ಕಿರಿಯ ಪಾದ್ರಿ ಡೂಗಲ್ ಮೆಗ್ವಾಯರ್ ಕೆಲವು ಸನ್ಯಾಸಿನಿಯರ ಬದುಕನ್ನೇ ಹಾಳುಗೆಡವಿದ ಯಾವುದೋ ಪ್ರಸಂಗಕ್ಕೆ ಹೊಣೆಗಾರ. ಆ ಪ್ರಸಂಗವೇನೆಂಬುದನ್ನು ಧಾರಾವಾಹಿ ಕೊನೆಯವರೆಗೂ ಬಿಡಿಸಿ ಹೇಳುವುದಿಲ್ಲ. ಮುದುಕ ಪಾದ್ರಿ ಜ್ಯಾಕ್ ಹ್ಯಾಕೆಟ್‌ನದು ಕುಡಿತ ಮತ್ತು ಹೆಣ್ಣಿನ ಪ್ರಕರಣ. ಅವನು ಕುರ್ಚಿಯಲ್ಲಿ ಬಿದ್ದುಕೊಂಡು ನಾಲ್ಕೈದು ಶಬ್ದಗಳಲ್ಲಿ ತನ್ನ ಎಲ್ಲ ಬೇಡಿಕೆಗಳನ್ನೂ ಮುಗಿಸುತ್ತಾನೆ. ಸುಳ್ಳಿನ ಹೊಣೆಯನ್ನು ಇವರು ಒಂದೇ ಬಗೆಯಲ್ಲಿ ಹೊತ್ತುಕೊಂಡಿಲ್ಲ. ಜ್ಯಾಕ್‌ಗೆ ನಾಚಿಕೆಯೇ ಇಲ್ಲ, ಡೂಗಲ್‌ಗೆ ನಾಚಿಕೆ ಎಂದರೇನೆಂದು ತಿಳಿಯದು, ಹಾಗಾಗಿ ನಾಚಿಕೆಯ ಇಡೀ ಭಾರ ಟೆಡ್ ಒಬ್ಬನ ಮೇಲೆ ಬಿದ್ದಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಆ ಮನೆಯಲ್ಲಿ ಅವನೊಬ್ಬನೇ.

ಮುಚ್ಚಿಡುವ ಕಲೆಯ ಶಿಖರವೆಂದರೆ ಮೂರನೇ ಸರಣಿಯಲ್ಲಿ ಬಿಷಪ್‌ಗೆ ಒದೆಯುವ ಪ್ರಸಂಗ. ಪಕ್ಕದ ದ್ವೀಪದ ಪಾದ್ರಿ ಡಿಕ್ ಬರ್ನ್ ಜೊತೆಗಿನ ಮುದುಕರ ಫುಟ್‌ಬಾಲ್ ಪಂದ್ಯದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಟೆಡ್‌ಗೆ, ಬಿಷಪ್ ಬ್ರೆನನ್ನನ ಹಿಂಬದಿಗೆ ಒಂದು ಒದೆ ಕೊಡಬೇಕೆಂಬ ಶಿಕ್ಷೆ ಬೀಳುತ್ತದೆ. ಬ್ರೆನನ್ ಸಾಮಾನ್ಯ ಮನುಷ್ಯನಲ್ಲ. ಅವನು ಕೂಗಿದರೆ ಟೆಡ್‌ನ ಕಾಲು ನಡುಗುತ್ತದೆ. ಗೋಡೆಯ ಬುಡದ ಮರದ ಪಟ್ಟಿಯ ಮೇಲೆ ಬಿಷಪ್‌ರ ಮುಖವೇ ಪವಾಡದಂತೆ ಮೂಡಿದೆ ಎಂದು ಸುಳ್ಳು ಹೇಳಿ ಅವನನ್ನು ಬರಮಾಡಿಕೊಳ್ಳುತ್ತಾರೆ. ಅವನು ನೋಡಲೆಂದು ಬಗ್ಗುತ್ತಾನೆ. ಟೆಡ್ ಒದೆಯುತ್ತಾನೆ. ಅಲ್ಲಿಂದ ಮುಂದಿನದೇ ಅಸಲಿ ವಿದ್ಯೆ: ಟೆಡ್ ಏನೂ ಆಗಿಯೇ ಇಲ್ಲವೆಂಬಂತೆ, ಮಂದಹಾಸ ಬೀರುತ್ತ, ಮಾತು ಮುಂದುವರಿಸುತ್ತಾನೆ. ತನಗೆ ಒದೆಯುವ ಧೈರ್ಯ ಈ ಹುಲುಪಾದ್ರಿಗೆ ಬರುವುದು ಸಾಧ್ಯವೇ ಇಲ್ಲವೆಂಬುದು ಬಿಷಪ್‌ನ ನಂಬಿಕೆ. ಆದ್ದರಿಂದ ಒದೆ ಬಿದ್ದದ್ದೂ ಸಾಧ್ಯವಿಲ್ಲ. ತನ್ನ ಬೆನ್ನಿನ ಕೆಳಗಿನ ನೋವಿಗಿಂತ ತನ್ನ ಅಧಿಕಾರದ ಮೇಲಿನ ನಂಬಿಕೆಯನ್ನೇ ದೊಡ್ಡದಾಗಿ ಎಣಿಸಿ ಅವನು ರೋಮ್‌ಗೆ ಹೊರಟುಹೋಗುತ್ತಾನೆ. ಪೋಪ್‌ನ ಸನ್ನಿಧಿಯಲ್ಲಿ ನಿಂತಿರುವಾಗ ಅವನಿಗೆ ಸತ್ಯ ಹೊಳೆಯುತ್ತದೆ.

ಅವನು ಸಿಟ್ಟಿನಿಂದ ಮರಳಿ ಬಂದರೂ ಟೆಡ್ ಮತ್ತೆ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಒದ್ದದ್ದಕ್ಕೆ ಸಾಕ್ಷಿಯಾಗಿ ತೆಗೆಸಿದ ಛಾಯಾಚಿತ್ರದ ಪ್ರತಿಯನ್ನು ಹತ್ತಕ್ಕೆ ಹತ್ತು ಅಳತೆಯಲ್ಲಿ ಮಾಡಿಸುವಂತೆ ಹೇಳಿದ್ದಾಗ ಅಂಗುಲವೋ ಅಡಿಯೋ ಎಂಬ ವಿವರ ಯಾರಿಗೂ ಮುಖ್ಯವೆನಿಸಿರಲಿಲ್ಲ. ಮನೆಯ ಮುಂದೆ ಹತ್ತು ಅಡಿ ಎತ್ತರದ ಚಿತ್ರ ನಿಂತಿದೆ. ಬಿಷಪ್‌ನ ಕಣ್ಣು ಅದರ ಮೇಲೆ ಬೀಳುತ್ತದೆ. ಸುತ್ತಿಗೆಯ ತರ್ಕವೇ ಇಲ್ಲಿಯೂ ಕೆಲಸ ಮಾಡಿರುವುದನ್ನು ಗಮನಿಸಬೇಕು. ಈ ಧಾರಾವಾಹಿಯ ಬರವಣಿಗೆಯಲ್ಲಿ ನಾನು ಮೆಚ್ಚುವುದು ಈ ಬಿಗಿಯನ್ನು. ಹುಚ್ಚಾಟದಂತೆ ಕಾಣುವ ಪ್ರತಿಯೊಂದು ಘಟನೆಗೂ ಲೆಕ್ಕಪುಸ್ತಕದಂತಹ ಕಾರಣಸರಣಿ ಇದೆ, ಮತ್ತು ಆ ಕಾರಣಗಳ ಬುಡದಲ್ಲಿ ಯಾವಾಗಲೂ ಯಾರದೋ ಭಯ ಇರುತ್ತದೆ.

ಊರಿನ ಉಳಿದವರೂ ಈ ವಿದ್ಯೆಯಲ್ಲಿ ಪಳಗಿದವರೇ. ಅಂಗಡಿ ನಡೆಸುವ ಜಾನ್ ಮತ್ತು ಮೇರಿ ಎಂಬ ದಂಪತಿ ಒಬ್ಬರ ಕತ್ತನ್ನು ಇನ್ನೊಬ್ಬರು ಹಿಸುಕುವಷ್ಟು ದ್ವೇಷದಿಂದ ಹೊಡೆದಾಡುತ್ತಾರೆ. ಪಾದ್ರಿ ಬಾಗಿಲಲ್ಲಿ ಕಾಣಿಸಿದ ಮರುಕ್ಷಣವೇ ಹೆಗಲ ಮೇಲೆ ಕೈಹಾಕಿಕೊಂಡು ನಗುತ್ತ ನಿಲ್ಲುತ್ತಾರೆ. ಟೆಡ್‌ಗೆ ಅವರು ದ್ವೀಪದ ಆದರ್ಶ ದಂಪತಿ. ವಿಚ್ಛೇದನವೇ ಇಲ್ಲದ ದೇಶದಲ್ಲಿ ಈ ಪಾತ್ರಗಳನ್ನು ಸೃಷ್ಟಿಸಲಾಗಿತ್ತು ಎಂಬುದನ್ನು ಮರೆತರೆ ಇದು ಬರಿಯ ಹೊಡೆದಾಟದ ಹಾಸ್ಯವಾಗಿ ಉಳಿಯುತ್ತದೆ. ಮೊದಲ ಸರಣಿ ಪ್ರಸಾರವಾದ ವರ್ಷದ ನವೆಂಬರ್ 24ರಂದು ಐರ್ಲೆಂಡಿನಲ್ಲಿ ವಿಚ್ಛೇದನದ ನಿಷೇಧವನ್ನು ತೆಗೆಯಬೇಕೇ ಎಂಬ ಜನಮತಗಣನೆ ನಡೆಯಿತು, ಶೇ. 50.28ರಷ್ಟು ಮತಗಳಿಂದ, ಅಂದರೆ ಕೂದಲೆಳೆಯ ಅಂತರದಲ್ಲಿ, ಅದು ಗೆದ್ದಿತು. ಆ ದಿನದವರೆಗೆ ಜಾನ್ ಮತ್ತು ಮೇರಿಯಂತಹವರಿಗೆ ಕಾನೂನು ತೋರಿಸುತ್ತಿದ್ದ ದಾರಿ ಹೆಗಲ ಮೇಲೆ ಕೈಹಾಕಿಕೊಂಡು ನಗುವುದೊಂದೇ.

ಊರಿನವರ ಇನ್ನೊಂದು ಗುಣ, ಯಾವುದಕ್ಕೂ ಬೆರಗಾಗದೆ ಇರುವುದು. ಇದು ತೋರುವ ಕಂತು ಎಂದರೆ ಟೆಡ್ ತಲೆಯ ಮೇಲೆ ದೀಪದ ಮುಸುಕನ್ನು ಇಟ್ಟುಕೊಂಡು ಚೀನೀಯರನ್ನು ಅಣಕಿಸುತ್ತಿರುವಾಗ, ಕಿಟಕಿಯಾಚೆ ಒಂದು ಚೀನೀ ಕುಟುಂಬ ನಿಂತು ನೋಡುತ್ತಿರುವುದು. ದ್ವೀಪದಲ್ಲಿ ಚೀನೀ ಸಮುದಾಯವೊಂದು ಇದೆಯೆಂಬುದೇ ಅವನಿಗೆ ತಿಳಿದಿರಲಿಲ್ಲ. ಸುದ್ದಿ ಹಬ್ಬುತ್ತದೆ. ತಾನು ಜನಾಂಗದ್ವೇಷಿಯಲ್ಲವೆಂದು ತೋರಿಸಲು ಅವನು ಮಾಡುವ ಪ್ರತಿಯೊಂದು ಪ್ರಯತ್ನವೂ ಕಾರಿಗೆ ಬಿದ್ದ ಇನ್ನೊಂದು ಏಟು. ಕಿಟಕಿಯ ಗಾಜಿನ ಮೇಲಿನ ಕೊಳೆಯ ಗುರುತು ಸರಿಯಾಗಿ ಅವನ ಮೂಗಿನ ಕೆಳಗೆ ಬಂದು, ಹೊರಗಿನಿಂದ ನೋಡುವವರಿಗೆ ಹಿಟ್ಲರನ ಮೀಸೆಯಂತೆ ಕಾಣುತ್ತದೆ. ಆದರೆ ಈ ಕಂತಿನ ನಿಜವಾದ ರತ್ನ ಒಬ್ಬ ರೈತನ ಪ್ರತಿಕ್ರಿಯೆ. ಪಾದ್ರಿಗಳು ಜನಾಂಗದ್ವೇಷಿಗಳಾಗಿದ್ದಾರೆಂದು ಕೇಳಿ ಅವನಿಗೆ ಆಘಾತವೂ ಇಲ್ಲ, ಖುಷಿಯೂ ಇಲ್ಲ. ಇದು ಚರ್ಚಿನ ಹೊಸ ಆದೇಶವೇ, ನಾವೆಲ್ಲರೂ ಈಗ ಇದನ್ನು ಪಾಲಿಸಬೇಕೇ ಎಂದು ವಿಧೇಯತೆಯಿಂದ ವಿಚಾರಿಸುತ್ತಾನೆ. ಹೊಲದ ಕೆಲಸವೇ ಹಗಲೆಲ್ಲ ಹಿಡಿಯುವುದರಿಂದ ತನಗೆ ಪೂರ್ತಿ ಸಮಯ ಕೊಡಲಾಗದು ಎಂಬ ಚಿಂತೆ ಅವನದು. ಶತಮಾನಗಳ ವಿಧೇಯತೆಯನ್ನು ಅರ್ಧ ನಿಮಿಷದಲ್ಲಿ ಬಿಚ್ಚಿಟ್ಟ ಈ ಸಂಭಾಷಣೆಗೆ ಸಮನಾದುದನ್ನು ನಾನು ಹಾಸ್ಯ ಧಾರಾವಾಹಿಗಳಲ್ಲಿ ಕಂಡಿಲ್ಲ. ಹಳ್ಳಿಗರ ಹುಚ್ಚುತನವನ್ನು ತೋರಿಸಿ ನಗಿಸುವ ಕಾರ್ಯಕ್ರಮಗಳು ಎಲ್ಲ ದೇಶಗಳಲ್ಲೂ ಇವೆ. ಅವುಗಳಲ್ಲಿ ಪಾತ್ರಗಳು ತಾವು ವಿಚಿತ್ರವೆಂಬುದನ್ನು ಬಲ್ಲವರಂತೆ ಆಡುತ್ತವೆ. ಕ್ರ್ಯಾಗಿ ಐಲ್ಯಾಂಡಿನಲ್ಲಿ ತಾನು ವಿಚಿತ್ರವೆಂದು ಯಾರಿಗೂ ಅನ್ನಿಸಿಲ್ಲ. ಕ್ರೇನಿಗೆ ಬೆಂಚು ಕಟ್ಟಿ ಅದನ್ನೇ ಜಾತ್ರೆಯ ಆಟವೆಂದು ಕರೆದರೂ ಜನ ಸಾಲುಗಟ್ಟಿ ನಿಲ್ಲುತ್ತಾರೆ.

ಮಿಸೆಸ್ ಡಾಯ್ಲ್ ಬಗ್ಗೆ ಬರೆಯದಿದ್ದರೆ ಅಪಚಾರವಾದೀತು. ಪಾದ್ರಿಮನೆಯನ್ನು ನೋಡಿಕೊಳ್ಳುವ ಈ ಹೆಂಗಸಿನ ಪಾತ್ರವನ್ನು ಮಾಡಿದಾಗ ಪಾಲಿನ್ ಮೆಕ್ಲಿನ್ ಅವರಿಗೆ ಇನ್ನೂ ಮೂವತ್ತರ ಆಸುಪಾಸು. ಚಹಾ ಬೇಡವೆಂದವರ ಮೇಲೆ ಅವಳು ಬೀಳುವ ಪರಿ ಈಗ ಗಾದೆಯಷ್ಟು ಪ್ರಸಿದ್ಧ. ಅವಳು ಗೆಳತಿಯೊಂದಿಗೆ ಹೋಟೆಲಿನಲ್ಲಿ ಚಹಾ ಕುಡಿದು, ಬಿಲ್ಲು ನಾನು ಕೊಡುತ್ತೇನೆ ತಾನು ಕೊಡುತ್ತೇನೆಂದು ಜಗಳವಾಡಿ, ಅದು ಕೈಮಿಲಾಯಿಸುವವರೆಗೆ ಹೋಗಿ, ಇಬ್ಬರೂ ಪೊಲೀಸರ ವಶವಾಗುವ ಪ್ರಸಂಗವನ್ನು ನೋಡುವಾಗ, ಕ್ಯಾಷ್ ಕೌಂಟರಿನ ಮುಂದೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಂದಕ್ಕೆಳೆಯುವ ನಮ್ಮ ನೆಂಟರಿಷ್ಟರು ನೆನಪಾಗದೆ ಇರುವುದಿಲ್ಲ. ಆದರೆ ಅವಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆ. ಮೂವರು ಗಂಡಸರು ಬೆಚ್ಚಗೆ ಕುಳಿತಿರುವಾಗ ಹೆಂಚು ಹೊದಿಸಲು ಚಾವಣಿ ಏರುವವಳು, ಅಲ್ಲಿಂದ ಬೀಳುವವಳು, ಗುಂಡಿ ತೋಡುವವಳು ಅವಳು. ಕ್ರಿಸ್ಮಸ್ ಕಂತಿನಲ್ಲಿ ಚಹಾ ಮಾಡುವ ಯಂತ್ರವೊಂದು ಮನೆಗೆ ಬರುತ್ತದೆ. ಚಹಾ ಮಾಡುವ ಕಷ್ಟವನ್ನೆಲ್ಲ ಇದು ತಪ್ಪಿಸುತ್ತದೆ ಎಂದು ಮಾರುವವನು ಹೊಗಳಿದಾಗ, ತನಗೆ ಆ ಕಷ್ಟವೇ ಇಷ್ಟವಾಗಿರಬಹುದಲ್ಲ ಎಂಬ ಅರ್ಥದ ಮಾತು ಅವಳ ಬಾಯಿಂದ ಬರುತ್ತದೆ. ಪ್ರೇಕ್ಷಕರು ನಗುತ್ತಾರೆ. ಸೇವೆಯ ಹೊರತು ತನಗೊಂದು ಜಾಗವೇ ಇಲ್ಲವೆಂದು ಬಲ್ಲ ಹೆಂಗಸಿನ ಗಾಬರಿಯೂ ಆ ಮಾತಿನಲ್ಲಿ ಕೇಳಿಸುತ್ತದೆ.

ಇದೆಲ್ಲ ಬಂದ ಕಾಲವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. 1979ರ ಸೆಪ್ಟೆಂಬರ್ 29ರಂದು ಪೋಪ್ ಎರಡನೇ ಜಾನ್ ಪಾಲ್ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಪೂಜೆ ನೆರವೇರಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಮರುದಿನ ಗಾಲ್ವೇ ನಗರದ ಬ್ಯಾಲಿಬ್ರಿಟ್ ಕುದುರೆಪಂದ್ಯದ ಮೈದಾನದಲ್ಲಿ ಯುವಜನರಿಗಾಗಿ ನಡೆದ ಪೂಜೆಯಲ್ಲಿ, ಪೋಪ್ ಬರುವ ಮುನ್ನ ಹಾಡು ಹೇಳಿಸುತ್ತ ಜನರನ್ನು ಹುರಿದುಂಬಿಸಿದವರು ಗಾಲ್ವೇಯ ಬಿಷಪ್ ಏಮನ್ ಕೇಸಿ ಮತ್ತು ಜನಪ್ರಿಯ ಪಾದ್ರಿ ಮೈಕಲ್ ಕ್ಲಿಯರಿ. ಕೇಸಿಗೆ ಆ ಹೊತ್ತಿಗಾಗಲೇ ಅಮೆರಿಕದಲ್ಲಿ ಒಬ್ಬ ಮಗನಿದ್ದ. ಸುದ್ದಿ 1992ರಲ್ಲಿ ಹೊರಬಂದು ಅವರು ರಾಜೀನಾಮೆಯಿತ್ತು ದೇಶ ಬಿಟ್ಟರು. ಕ್ಲಿಯರಿಗೆ ತಮ್ಮ ಮನೆ ನೋಡಿಕೊಳ್ಳುತ್ತಿದ್ದ ಹೆಂಗಸಿನಿಂದಲೇ ಮಕ್ಕಳಾಗಿದ್ದವೆಂಬುದು 1993ರಲ್ಲಿ ಅವರು ತೀರಿಕೊಂಡ ಮೇಲೆ ತಿಳಿಯಿತು. ಇವೆರಡೂ ಮನುಷ್ಯಸಹಜ ದೌರ್ಬಲ್ಯದ ಕಥೆಗಳು. ಅದಕ್ಕಿಂತ ಕರಾಳವಾದದ್ದು ಮಕ್ಕಳ ಮೇಲೆ ದಶಕಗಳ ಕಾಲ ಲೈಂಗಿಕ ದೌರ್ಜನ್ಯವೆಸಗಿದ ಪಾದ್ರಿ ಬ್ರೆಂಡನ್ ಸ್ಮಿತ್‌ನದು. ಅವನ ಹಸ್ತಾಂತರದ ಕೋರಿಕೆಯನ್ನು ಕಡತದಲ್ಲಿ ಕೊಳೆಸಿದ ವಿವಾದದಲ್ಲಿ 1994ರ ನವೆಂಬರ್‌ನಲ್ಲಿ ಆಲ್ಬರ್ಟ್ ರೆನಾಲ್ಡ್ಸ್ ಪ್ರಧಾನಿ ಪದವಿಯನ್ನೇ ಕಳೆದುಕೊಂಡರು. ಇದಾದ ಐದು ತಿಂಗಳಿಗೆ ‘ಫಾದರ್ ಟೆಡ್’ ಪ್ರಸಾರಕ್ಕೆ ಬಂತು. ಬಿಷಪ್ ಬ್ರೆನನ್‌ಗೂ ಅಮೆರಿಕದಲ್ಲಿ ಒಬ್ಬ ಮಗನಿದ್ದಾನೆ, ಮತ್ತು ಬಾಯಿ ಬಿಡಬಾರದ ಕಡೆಯೆಲ್ಲ ಡೂಗಲ್ ಅದನ್ನು ನೆನಪಿಸುತ್ತಾನೆ.

ಐರಿಷ್ ಹಾಸ್ಯವೊಂದು ಬ್ರಿಟಿಷ್ ವಾಹಿನಿಯಲ್ಲಿ ಬಂದಾಗ ಐರ್ಲೆಂಡಿನಲ್ಲಿ ಒಂದು ಅಳುಕು ಇದ್ದದ್ದು ಸಹಜ. ಕುಡುಕ, ದಡ್ಡ, ಬಾಯಿಬಡುಕ ಐರಿಷ್‌ನವನನ್ನು ಇಂಗ್ಲಿಷ್ ರಂಗಭೂಮಿ ಶತಮಾನಗಳಿಂದ ಕುಣಿಸಿತ್ತು. ಜ್ಯಾಕ್ ಕುಡುಕ, ಡೂಗಲ್ ದಡ್ಡ, ಇನ್ನೇನು ಬೇಕು? ಆದರೆ ಈ ಪಾತ್ರಗಳ ಹಿಂದಿದ್ದವರು ಹೊರಗಿನವರಲ್ಲ. ಟೆಡ್ ಆದ ಡರ್ಮಟ್ ಮಾರ್ಗನ್ ಶಾಲಾ ಮೇಷ್ಟರಾಗಿದ್ದವರು. ಐರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಆರ್‌ಟಿಇಯ ರೇಡಿಯೋದಲ್ಲಿ ಬರುತ್ತಿದ್ದ ‘ಸ್ಕ್ರ್ಯಾಪ್ ಸ್ಯಾಟರ್ಡೇ’ಯಲ್ಲಿ ಪ್ರಧಾನಿ ಚಾರ್ಲ್ಸ್ ಹಾಹೀಯವರ ದನಿಯನ್ನು ಅನುಕರಿಸಿ ಅಧಿಕಾರಸ್ಥರ ನಿದ್ದೆಗೆಡಿಸಿದ್ದರು. ಆ ಕಾರ್ಯಕ್ರಮ 1991ರಲ್ಲಿ ನಿಂತಿತು. ಜ್ಯಾಕ್ ಆದ ಫ್ರಾಂಕ್ ಕೆಲಿ, 1971ರಿಂದ 1980ರವರೆಗೆ ನಡೆದ ‘ಹಾಲ್ಸ್ ಪಿಕ್ಟೋರಿಯಲ್ ವೀಕ್ಲಿ’ಯಲ್ಲಿ ಬ್ಯಾಲಿಮಗಾಷ್ ಎಂಬ ಕಲ್ಪಿತ ಊರಿನ ಪುಢಾರಿಯಾಗಿ ಮನೆಮಾತಾಗಿದ್ದವರು, ಅವರ ತಂದೆ ‘ಡಬ್ಲಿನ್ ಒಪಿನಿಯನ್’ ಹಾಸ್ಯಪತ್ರಿಕೆಯ ಸ್ಥಾಪಕರಲ್ಲೊಬ್ಬರು. ಡೂಗಲ್ ಆದ ಆರ್ಡಲ್ ಓಹ್ಯಾನ್ಲನ್ ಅವರ ತಂದೆಯಂತೂ ಆರೋಗ್ಯ ಮಂತ್ರಿಯಾಗಿದ್ದವರು. ತಮ್ಮ ಮನೆಯ ಗುಟ್ಟನ್ನು ತಾವೇ ಹೇಳಿಕೊಂಡು ನಗುವ ಹಕ್ಕು ಇವರಿಗಿತ್ತು. ಹಾಹೀ ಒಬ್ಬ ವ್ಯಾಪಾರಿಯಿಂದ 13 ಲಕ್ಷ ಪೌಂಡ್ ಪಡೆದಿದ್ದರೆಂದು 1997ರಲ್ಲಿ ವಿಚಾರಣಾ ಮಂಡಳಿಯೊಂದು ತೀರ್ಮಾನಿಸಿತು. ಟೆಡ್‌ನ ಖಾತೆಯಲ್ಲಿ ‘ವಿಶ್ರಾಂತಿ ಪಡೆಯುವ’ ಹಣದ ಮಾತನ್ನು ರಾಜಕಾರಣಿಗಳಿಗೆ ಅನ್ವಯಿಸುವುದು ಆ ದೇಶದಲ್ಲಿ ರೂಢಿಯಾಗಿಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆಯೇ ರೂಢಿಯಾದದ್ದು ಎರಡು ಫಲಕಗಳ ಬರಹ. ವ್ಯಾಟಿಕನ್ ನಿಷೇಧಿಸಿದ ಚಲನಚಿತ್ರವೊಂದು ದ್ವೀಪದ ಟಾಕೀಸಿಗೆ ಬಂದಾಗ, ಅದನ್ನು ವಿರೋಧಿಸಬೇಕೆಂದು ಬಿಷಪ್‌ನಿಂದ ಅಪ್ಪಣೆಯಾಗುತ್ತದೆ. ಟೆಡ್ ಮತ್ತು ಡೂಗಲ್ ಟಾಕೀಸಿನ ಮುಂದೆ ಫಲಕ ಹಿಡಿದು ನಿಲ್ಲುತ್ತಾರೆ: ಒಂದರಲ್ಲಿ ‘ಇಂಥದ್ದಕ್ಕೆಲ್ಲ ಧಿಕ್ಕಾರ’, ಇನ್ನೊಂದರಲ್ಲಿ ‘ಸ್ವಲ್ಪ ಜೋಪಾನ’. ಯಾವುದರ ವಿರುದ್ಧ, ಏತಕ್ಕೆ ಎಂಬುದು ಹಿಡಿದವರಿಗೇ ಗೊತ್ತಿಲ್ಲ. ಪ್ರತಿಭಟನೆಯ ಪ್ರಚಾರದಿಂದ ಚಿತ್ರ ಭರ್ಜರಿಯಾಗಿ ಓಡುತ್ತದೆ. ಈಗ ಡಬ್ಲಿನ್, ಲಂಡನ್ ಕಡೆಯ ಯಾವುದೇ ಮೆರವಣಿಗೆಯಲ್ಲಿ ಈ ಎರಡು ಫಲಕಗಳಲ್ಲಿ ಒಂದಾದರೂ ಕಾಣಿಸದೆ ಇರುವುದು ಅಪರೂಪ.

ಕನ್ನಡದ ಓದುಗರಿಗೆ ಗಾಲ್ವೇ ಎಂಬ ಹೆಸರು ಈ ಧಾರಾವಾಹಿಯಿಂದ ಪರಿಚಯವಾದದ್ದಲ್ಲ. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ 31 ವರ್ಷ. ಗರ್ಭ ಉಳಿಯುವುದಿಲ್ಲವೆಂಬುದು ಖಚಿತವಾಗಿದ್ದರೂ ಭ್ರೂಣದ ಹೃದಯಬಡಿತ ಇರುವವರೆಗೆ ಗರ್ಭಪಾತ ಮಾಡಲಾಗದೆಂದರು, ಸೋಂಕು ರಕ್ತಕ್ಕೇರಿತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ತಾನು ಹೇಳಿದ್ದು ನಿಜವೆಂದು ಸೂಲಗಿತ್ತಿಯೊಬ್ಬರು ಮರಣವಿಚಾರಣೆಯಲ್ಲಿ ಒಪ್ಪಿಕೊಂಡರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಜನ ಗರ್ಭಪಾತದ ಸಾಂವಿಧಾನಿಕ ನಿಷೇಧವನ್ನು ತೆಗೆದುಹಾಕಲು ಮತ ನೀಡಿದಾಗ, ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದಿದ್ದ ಸವಿತಾ ಅವರ ಚಿತ್ರದ ಸುತ್ತ ಜನ ಕ್ಷಮೆ ಕೋರಿ ಚೀಟಿಗಳನ್ನು ಅಂಟಿಸಿದರು. ಇದನ್ನು ತಿಳಿದ ಮೇಲೆ, ಚರ್ಚಿನ ಆದೇಶವೇನೆಂದು ಕೇಳುವ ಆ ರೈತನ ಮಾತಿಗೆ ನಗುವಾಗ ನನಗೆ ಗಂಟಲಲ್ಲಿ ಏನೋ ಸಿಕ್ಕಂತಾಗುತ್ತದೆ. ಧಾರಾವಾಹಿಯ ದೊಡ್ಡ ಮಿತಿಯೂ ಇಲ್ಲೇ ಇದೆ. ಅದರ ಪಾದ್ರಿಗಳು ಯಾರಿಗೂ ನಿಜವಾದ ಕೇಡು ಮಾಡಲಾರರು. ಅವರ ಅಧಿಕಾರ ಟೊಳ್ಳು, ಅವರ ಪಾಪ ಲಾಸ್ ವೇಗಸ್‌ನಷ್ಟಕ್ಕೇ ಸೀಮಿತ. ಡೂಗಲ್‌ನ ಸನ್ಯಾಸಿನಿಯರಿಗೆ ಏನಾಯಿತೆಂಬುದನ್ನು ಹೇಳದೆ ನಗಿಸಿದ್ದು ಜಾಣತನ. ಅದು ಒಂದು ಬಗೆಯಲ್ಲಿ ಮುಚ್ಚಿಡುವುದೂ ಹೌದು. ಈ ಮಿತಿಯಿಂದಾಗಿಯೇ ಧಾರಾವಾಹಿ ಇವತ್ತಿಗೂ ನೋಡುವಂತಿದೆ ಎಂಬುದನ್ನೂ ಒಪ್ಪಬೇಕು: ಕ್ರೌರ್ಯವನ್ನು ಒಳಗೆ ಬಿಟ್ಟುಕೊಂಡಿದ್ದರೆ ಟೆಡ್‌ನನ್ನು ನಾವು ಪ್ರೀತಿಸುತ್ತಿರಲಿಲ್ಲ.

ಅದೇ ಕಾಲದ ‘ಬ್ಯಾಲಿಕಿಸೇಂಜಲ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಬಿಸಿಯಲ್ಲಿ 1996ರಿಂದ 2001ರವರೆಗೆ ಬಂದ, ವಿಕ್ಲೋ ಕೌಂಟಿಯ ಅವೋಕಾದಲ್ಲಿ ಚಿತ್ರೀಕರಿಸಿದ ಅದರಲ್ಲಿ ಇಂಗ್ಲಿಷ್ ಪಾದ್ರಿಯೊಬ್ಬ ಐರಿಷ್ ಹಳ್ಳಿಗೆ ಬಂದು ಅಲ್ಲಿಯವರ ವಿಚಿತ್ರಗಳನ್ನು ಕಂಡು ಬೆರಗಾಗುತ್ತಾನೆ. ಹಸಿರು ಬೆಟ್ಟ, ಪಬ್ಬು, ಒಳ್ಳೆಯ ಮನಸ್ಸಿನ ಜನ, ಪ್ರವಾಸೋದ್ಯಮಕ್ಕೆ ಬೇಕಾದುದೆಲ್ಲ ಅಲ್ಲಿತ್ತು. ಬೆರಗಾಗಲೆಂದೇ ಹೊರಗಿನವನೊಬ್ಬನನ್ನು ಕರೆತಂದ ಕೂಡಲೇ ಊರು ಪ್ರದರ್ಶನವಾಗಿಬಿಡುತ್ತದೆ.

ಹೆಚ್ಚು ಕುತೂಹಲಕರವಾದದ್ದು ‘ಕಿಲ್ಲಿನಾಸ್ಕಲಿ’. ‘ಫಾದರ್ ಟೆಡ್’ನಲ್ಲಿ ಟಾಮ್ ಎಂಬ ಅಪಾಯಕಾರಿ ಹಳ್ಳಿಗನ ಪಾತ್ರ ಮಾಡಿದ ಪ್ಯಾಟ್ ಶಾರ್ಟ್, ಜಾನ್ ಕೆನಿ ಜೊತೆ ‘ಡನ್‌ಬಿಲೀವಬಲ್ಸ್’ ಎಂಬ ಜೋಡಿಯಾಗಿ ಹಳ್ಳಿಗಾಡಿನ ಪಾತ್ರಗಳನ್ನು ವೇದಿಕೆಗೆ ತಂದಿದ್ದವರು. ಟಿಪ್ಪರರಿ ಕೌಂಟಿಯವರೇ ಆದ ಅವರು ಅದೇ ಕೌಂಟಿಯಲ್ಲಿ ಚಿತ್ರೀಕರಿಸಿ, 2000ರ ದಶಕದ ಮಧ್ಯಭಾಗದಲ್ಲಿ ಆರ್‌ಟಿಇ ವಾಹಿನಿಗೆ ಈ ಧಾರಾವಾಹಿಯನ್ನು ಕೊಟ್ಟರು. ಮುದುಕಿಯೂ ಸೇರಿದಂತೆ ಊರಿನ ಅರ್ಧ ಪಾತ್ರಗಳನ್ನು ಅವರೊಬ್ಬರೇ ಮಾಡಿದರು. ವಿಮರ್ಶಕರು ಹಳಸಲೆಂದು ಜರೆದರು. ಹಳ್ಳಿಗಳಲ್ಲಿ ಜನ ಮನೆಮಂದಿಯೆಲ್ಲ ಕೂತು ನೋಡಿದರು. ನನ್ನ ತೀರ್ಪು ವಿಮರ್ಶಕರ ಕಡೆಗೇ ಸ್ವಲ್ಪ ವಾಲುತ್ತದೆ, ಏಕೆಂದರೆ ಅಲ್ಲಿ ವೇಷ ಮೊದಲು, ಭಯ ಆಮೇಲೆ. ಬಿಷಪ್‌ನಂತಹ ಒಬ್ಬ ಮೇಲಿನವನಿಲ್ಲದೆ ಸುಳ್ಳಿಗೆ ತುರ್ತು ಬರುವುದಿಲ್ಲ. ಆದರೂ ಪಬ್ಬಿನ ಸ್ಟೂಲಿನ ಮೇಲೆ ಕೂತು ಹೊಸಬನನ್ನು ಅಡಿಯಿಂದ ಮುಡಿಯವರೆಗೆ ಅಳೆಯುವ ಆ ಮುದುಕರ ನೋಟವನ್ನು ಲಂಡನ್ನಿನ ಸ್ಟುಡಿಯೋದಲ್ಲಿ ಹುಟ್ಟಿಸಲು ಆಗುತ್ತಿರಲಿಲ್ಲ.

ಮೂರನೇ ಸರಣಿಯ ಕೊನೆಯ ಕಂತಿನ ಚಿತ್ರೀಕರಣ ಮುಗಿದ ಮರುದಿನ, 1998ರ ಫೆಬ್ರವರಿ 28ರಂದು, ಡರ್ಮಟ್ ಮಾರ್ಗನ್ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 45 ವರ್ಷ. ಪ್ರಸಾರವನ್ನು ಒಂದು ವಾರ ಮುಂದೂಡಲಾಯಿತು. ಹದಿನೆಂಟು ವರ್ಷಗಳ ನಂತರ ಅದೇ ತಾರೀಖಿನಂದು ಫ್ರಾಂಕ್ ಕೆಲಿಯೂ ಹೋದರು. ಕೊನೆಯ ಕಂತಿನಲ್ಲಿ ಟೆಡ್‌ಗೆ ಲಾಸ್ ಏಂಜಲಿಸ್‌ನ ಚರ್ಚೊಂದಕ್ಕೆ ಹೋಗುವ ಅವಕಾಶ ಸಿಗುತ್ತದೆ. ಬದುಕಿಡೀ ಅವನು ಬಯಸಿದ್ದು ಇದನ್ನೇ. ಅಲ್ಲಿ ಗುಂಡು ಹಾರಿಸುವ ಗ್ಯಾಂಗುಗಳಿವೆ ಎಂದು ತಿಳಿದ ತಕ್ಷಣ ಅವನು ದ್ವೀಪಕ್ಕೆ ಮರಳುತ್ತಾನೆ.

2007ರಲ್ಲಿ ಅರಾನ್ ದ್ವೀಪಗಳಲ್ಲಿ ಈ ಧಾರಾವಾಹಿಯ ಹೆಸರಿನ ಉತ್ಸವ ಶುರುವಾದಾಗ ಇನಿಶ್ಮೋರ್ ಮತ್ತು ಇನಿಶೀರ್ ದ್ವೀಪಗಳ ನಡುವೆ ಜಗಳ ಹತ್ತಿಕೊಂಡಿತು: ನಿಜವಾದ ಕ್ರ್ಯಾಗಿ ಐಲ್ಯಾಂಡ್ ನಮ್ಮದು ಎಂದು ಎರಡೂ ಕಡೆಯವರ ವಾದ. ಶೀರ್ಷಿಕೆಯ ಹಡಗು ನಮ್ಮ ದಡದಲ್ಲಿದೆ ಎಂದು ಒಬ್ಬರೆಂದರೆ, ಉತ್ಸವ ನಡೆಯುತ್ತಿರುವುದು ನಮ್ಮಲ್ಲಿ ಎಂದು ಇನ್ನೊಬ್ಬರು. ಕೊನೆಗೆ ಫುಟ್‌ಬಾಲ್ ಪಂದ್ಯ ಆಡಿ ತೀರ್ಮಾನಿಸಿಕೊಳ್ಳುವುದೆಂದಾಯಿತು. ಟೆಡ್ ಇದ್ದಿದ್ದರೆ ಮೋಸದಾಟಕ್ಕೆ ಏರ್ಪಾಡು ಮಾಡುತ್ತಿದ್ದ. ಹೊಸದಾಗಿ ನೋಡುವವರು ಮೊದಲ ಕಂತಿನಿಂದಲೇ ಆರಂಭಿಸಬೇಕಾಗಿಲ್ಲ. ಆರಂಭದ ಕಂತುಗಳು ಇನ್ನೂ ಕೈ ಪಳಗದವು. ಎರಡನೇ ಸರಣಿಯಲ್ಲಿರುವ ಕಾರಿನ ಕಂತನ್ನು ಹುಡುಕಿ ನೋಡಿ, ಅದು ಹಿಡಿಸಿದರೆ ಉಳಿದ 24 ನಿಮ್ಮವೇ.